ಗಾಳಿಚೀಲಕ್ಕೆ ಅಸ್ತರ

ಟೇಲರ್ ಕಾಕಾ ತೀರಿಕೊಂಡಾಗ ಅವರ ಅಂಗಡಿಯಲ್ಲಿ ನಾನು ಹೊಲಿಯಲು ಕೊಟ್ಟ ಸೀರೆಯ ಮೇಲಿನ ಜಂಪರ್ ಒಂದು ಹಾಗೇ ಉಳಿದಿತ್ತು. ನನ್ನದೊಂದೇ ಅಲ್ಲ, ಭಾಗ್ಯನಗರದ ಅರ್ಧ ಹೆಂಗಸರ ಒಂದಿಲ್ಲೊಂದು ಬಟ್ಟೆ ಅಲ್ಲಿತ್ತು. ಮಣ್ಣಿಗೆ ಬಂದವರು ಕಣ್ಣು ಒರೆಸಿಕೊಳ್ಳುತ್ತಲೇ ಮುಚ್ಚಿದ ಅಂಗಡಿಯ ಬಾಗಿಲ ಕಡೆಗೊಮ್ಮೆ ನೋಡಿದ್ದನ್ನು ನಾನು ಕಂಡೆ. ಕಂಡೆ ಅಂದರೆ, ನಾನೂ ಅದೇ ಕಡೆ ನೋಡುತ್ತಿದ್ದೆ.

ಹಿಂದಿನ ವಾರವಷ್ಟೇ ಅಂಗಡಿಯ ಮುಂದೆ ನಿಂತು ಕೇಳಿದ್ದೆ. ಕಾಕಾ ತುಟಿಯಲ್ಲಿ ಕಚ್ಚಿಕೊಂಡಿದ್ದ ಟಾಚಣಿ ಪಿನ್ನುಗಳ ಸಂದಿಯಿಂದಲೇ ಉತ್ತರ ಕೊಟ್ಟಿದ್ದರು.

"ಹುಕ್ಕು ಹಚ್ಚೂದೊಂದ ಬಾಕಿ ಐತ್ರಿ ಅಕ್ಕಾರ. ನಾಳಿ ಮುಂಜಾನೆ ಬರ್ರಿ."

ಈ ಮಾತಿನ ಅರ್ಥ ಊರಿಗೆಲ್ಲ ಗೊತ್ತು. ಬಟ್ಟೆ ಇನ್ನೂ ಚೀಲದಿಂದಲೇ ಹೊರಬಂದಿಲ್ಲ ಎಂದರ್ಥ. "ಕಾಜಾ ಅಷ್ಟ ಆಗಬೇಕ್ರಿ" ಎಂದರೆ, ಅದು ಯಾವ ಚೀಲದಲ್ಲಿದೆ ಎಂಬುದು ಮರೆತಿದೆ ಎಂದು ತಿಳಿಯಬೇಕು. "ಇಸ್ತ್ರಿ ಒಂದ ಹೊಡೀಬೇಕು" ಎಂದರಂತೂ ಮದುವೆಯ ಮನೆಯವರು ಸುಮ್ಮನೆ ಕೊಪ್ಪಳ ಪೇಟೆಯ ದಾರಿ ಹಿಡಿಯುತ್ತಿದ್ದರು.

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಕುಷ್ಟಗಿ ಕಡೆಯ ನಮ್ಮ ಹಳ್ಳಿ ಬಿಟ್ಟು ಹೈಸ್ಕೂಲಿಗೆ ಕನ್ನಡ ಟೀಚರಾಗಿ ಪಕ್ಕದ ಈ ಭಾಗ್ಯನಗರಕ್ಕೆ ಬಂದದ್ದು. ನನಗೂ ನನ್ನ ಯಜಮಾನರಿಗೂ ಬಾಡಿಗೆಗೆ ಸಿಕ್ಕ ಮನೆ ಕಾಕಾನ ಅಂಗಡಿಯ ಎದುರಿಗೇ. ಎಡಕ್ಕೆ ಮಗ್ಗಗಳ ಸದ್ದು, ಬಲಕ್ಕೆ ಹೆಂಗಸರು ಕುಳಿತು ವಿಗ್ಗಿನ ಕೂದಲು ಬಿಡಿಸಿ ಹಸನು ಮಾಡುವ ಶೆಡ್ಡು, ನಡುವೆ ಕಾಕಾನ ಕಾಲುಮಶೀನು. ಕಾಕಾ ಉದ್ದಕ್ಕೆ, ತೆಳ್ಳಗೆ ಇದ್ದರು. ಕುಳಿತರೆ ಮೊಣಕಾಲು ಮಶೀನಿನ ಹಲಗೆಗೆ ತಾಗುತ್ತಿತ್ತು. ಹೆಗಲ ಮೇಲೆ ಯಾವಾಗಲೂ ಬಣ್ಣ ಬಣ್ಣದ ದಾರದ ತುಂಡುಗಳು. ಅವರ ಅಂಗಿ ನೋಡಿದರೆ ಆ ವಾರ ಯಾರ ಯಾರ ಮನೆಯಲ್ಲಿ ಶುಭಕಾರ್ಯ ಎಂದು ಹೇಳಬಹುದಿತ್ತು.

ಇಷ್ಟು ಸತಾಯಿಸುವ ಮನುಷ್ಯನ ಬಳಿ ಮತ್ತೆ ಮತ್ತೆ ಯಾಕೆ ಹೋಗುತ್ತಿದ್ದೆವು ಎಂದು ಕೇಳಬಹುದು. ಅವರು ಹೊಲಿದದ್ದು ಚುಚ್ಚುತ್ತಿರಲಿಲ್ಲ. ಎಂಥ ಜರಿಯ ಬಟ್ಟೆ ಕೊಡಿ, ಒಳಗೆ ಮೆತ್ತನೆಯ ಬಟ್ಟೆಯ ಅಸ್ತರ ಹಾಕಿಯೇ ಕೊಡುತ್ತಿದ್ದರು. ಕೇಳಿದರೂ ಹಾಕುತ್ತಿದ್ದರು, ಬೇಡವೆಂದರೂ ಹಾಕುತ್ತಿದ್ದರು. ಒಮ್ಮೆ ದಿಂಬಿನ ಚೀಲ ಹೊಲಿಯಲು ಕೊಟ್ಟಿದ್ದೆ. ಅದಕ್ಕೂ ಅಸ್ತರ.

"ಕಾಕಾ, ಇದು ದಿಂಬು ರೀ. ಇದಕ್ಕ ಏನ್ ಚುಚ್ಚತೈತಿ?" ಎಂದೆ.

"ದಿಂಬಿಗಲ್ಲ, ಅದರಾಗಿನ ಹತ್ತಿಗಿ ಚುಚ್ಚಬಾರದಲ್ರಿ" ಎಂದರು. ನಗಲಿಲ್ಲ. ಅವರು ಅದನ್ನು ನಿಜಕ್ಕೂ ನಂಬಿದ್ದರು.

ಕಾರಹುಣ್ಣಿಮೆಗೆ ಕುಕನೂರಿನ ರೈತನೊಬ್ಬ ಎತ್ತಿನ ಬೆನ್ನಿಗೆ ಹಾಕುವ ಝೂಲ ಹೊಲಿಯಲು ಕೊಟ್ಟ. ಕನ್ನಡಿಬಿಲ್ಲೆ, ಗೊಂಡೆ ಎಲ್ಲ ಹಚ್ಚಿ ಕಾಕಾ ಅದಕ್ಕೂ ದಪ್ಪನೆಯ ಅಸ್ತರ ಕೊಟ್ಟರು. ಹಬ್ಬದ ಮರುದಿನ ರೈತ ಬಂದು, "ಕಾಕಾ, ಎತ್ತು ಮೆರವಣಿಗಿ ತುಂಬ ಬೆವರಿ ಬೆವರಿ ಸಾಕಾತ್ರಿ" ಎಂದ. ಕಾಕಾ ಕೇಳಿದ್ದು ಒಂದೇ ಪ್ರಶ್ನೆ, "ಚುಚ್ಚತೇನು?" ಇಲ್ಲ ಎಂದ ರೈತ. "ಮತ್ತ?" ಎಂದರು ಕಾಕಾ.

ಈ ಹುಚ್ಚು ಹೇಗೆ ಹಿಡಿಯಿತು ಎಂಬುದನ್ನು ಅವರ ಹೆಂಡತಿ ಹೇಳಿದ್ದರು. ಆಕೆ ನಮಗೆಲ್ಲ ಚಿಗವ್ವ. ಕಾಕಾ ತಮ್ಮ ಮದುವೆಯ ಕೋಟನ್ನು ತಾವೇ ಹೊಲಿದುಕೊಂಡಿದ್ದರಂತೆ. ಹೊಸ ಹುರುಪು, ಬಟ್ಟೆ ಉಳಿಸುವ ಆಸೆ, ಅಸ್ತರ ಹಾಕಿರಲಿಲ್ಲ. ಒರಟು ಉಣ್ಣೆ, ಬೇಸಿಗೆಯ ಮುಹೂರ್ತ. ಅಕ್ಷತೆ ಬೀಳುವಾಗ ಮದುಮಗ ಎರಡೂ ಕೈಯಿಂದ ಕೆರೆದುಕೊಳ್ಳುತ್ತಿದ್ದ. "ನಮ್ಮ ಕಡಿ ಮಂದಿ ನನ್ನ ಕಿವ್ಯಾಗ ಅಂದ್ರು, ವರಗ ಕಜ್ಜಿ ಇದ್ದಂಗ ಕಾಣತೈತಿ, ಬ್ಯಾಡಂದ್ರ ಈಗ ಹೇಳಿಬಿಡು ಅಂತ" ಎಂದು ಚಿಗವ್ವ ಈ ಕತೆಯನ್ನು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು. ಕಾಕಾ ತಲೆ ಎತ್ತದೆ ಮಶೀನು ಜೋರಾಗಿ ತುಳಿಯುತ್ತಿದ್ದರು. ಅಂದಿನಿಂದ ಅವರ ಕೈಯಿಂದ ಅಸ್ತರವಿಲ್ಲದ ಬಟ್ಟೆ ಹೊರಗೆ ಹೋಗಲಿಲ್ಲ.

ಇನ್ನು ವಿಮಾನದ ಮಾತು. ಕುಕನೂರಿನ ಕಡೆ ಒಂದು ಕಾರ್ಖಾನೆಯವರು ತಮ್ಮ ಸಣ್ಣ ವಿಮಾನ ಇಳಿಯಲೆಂದು ಒಂದು ಡಾಂಬರಿನ ಪಟ್ಟಿ ಮಾಡಿಸಿಕೊಂಡಿದ್ದರು. ನಮ್ಮ ಮಂದಿ ಅದಕ್ಕೆ ಇಮಾನದ ರೋಡು ಎನ್ನುತ್ತಿದ್ದರು. ತಿಂಗಳಿಗೊಮ್ಮೆಯೋ ಎರಡು ಸಲವೋ ಆ ಪುಟ್ಟ ವಿಮಾನ ನಮ್ಮ ಸಾಲೆಯ ಮೇಲಿಂದ ಹಾದುಹೋದರೆ ಆ ದಿನ ವ್ಯಾಕರಣದ ಪಾಠ ಮುಗಿದಂತೆಯೇ. ಹುಡುಗಿಯರೆಲ್ಲ ಕಿಟಕಿಗೆ ಜೋತು ಬೀಳುತ್ತಿದ್ದರು. ನಾನು ಗದರುತ್ತಿದ್ದೆ, ಆಮೇಲೆ ಅವರ ತಲೆಗಳ ಮೇಲಿಂದ ನಾನೂ ಇಣುಕುತ್ತಿದ್ದೆ.

ಆ ಪಟ್ಟಿಯ ವಾಚ್‌ಮನ್ ನಮ್ಮ ಓಣಿಯವನೇ. ಒಂದು ಆಷಾಢದಲ್ಲಿ ಅವನು ಸೈಕಲ್ಲಿನ ಹಿಂದೆ ಚಿಂದಿಯಾದ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿಕೊಂಡು ಕಾಕಾನ ಅಂಗಡಿಗೆ ಬಂದ. ಪಟ್ಟಿಯ ತುದಿಯಲ್ಲಿ ಕಂಬಕ್ಕೆ ಕಟ್ಟುವ ಗಾಳಿಚೀಲ ಅದು. ಉದ್ದನೆಯ ಚೀಲ, ಎರಡೂ ಕಡೆ ಬಾಯಿ. ಗಾಳಿ ಒಂದು ಬಾಯಿಂದ ನುಗ್ಗಿ ಅದನ್ನು ಎತ್ತಿ ಹಿಡಿಯುತ್ತದೆ. ಅದು ಯಾವ ಕಡೆ ಎದ್ದಿದೆ, ಎಷ್ಟು ಎದ್ದಿದೆ ಎಂದು ಮೇಲಿಂದ ನೋಡಿ, ಗಾಳಿ ಎತ್ತಣಿಂದ ಎಷ್ಟು ಬೀಸುತ್ತಿದೆ ಎಂದು ಪೈಲಟ್ ತಿಳಿದುಕೊಳ್ಳುತ್ತಾನೆ. ಆಷಾಢದ ಗಾಳಿ ಅದನ್ನು ಹರಿದು ಹಾಕಿತ್ತು.

ಕಾಕಾ ಚಿಂದಿಯನ್ನು ಹಲಗೆಯ ಮೇಲೆ ಹಾಸಿ, ಎರಡೂ ಕಡೆಯಿಂದ ಕೈ ತೂರಿಸಿ ನೋಡಿದರು. "ಅಂದ್ರ ಪಾಯಜಾಮದ ಒಂದ ಕಾಲು" ಎಂದರು.

"ಹಂಗ ಅನ್ಕೋರಿ. ಬೆಂಗಳೂರಿಂದ ಹೊಸಾದು ಬರೂತನ ನಡದ್ರ ಸಾಕು ಅಂದಾರ ಸಾಹೇಬ್ರು" ಎಂದ ವಾಚ್‌ಮನ್.

ಕಾಕಾ ತಮ್ಮ ಜೀವಮಾನದಲ್ಲಿ ಹೇಳಿದ ದಿನಕ್ಕೆ ಮೊದಲೇ ಕೊಟ್ಟ ಕೆಲಸ ಅದೊಂದೇ. ಉಳಿದವರ ಬಟ್ಟೆಯನ್ನೆಲ್ಲ ಮೂಲೆಗೆ ತಳ್ಳಿ, ಕಿತ್ತಳೆ ಬಟ್ಟೆ ಹುಡುಕಿ ತಂದು, ಜೋಡುಹೊಲಿಗೆ ಹಾಕಿದರು. ಒಳಗೆ ಗಟ್ಟಿ ಮಂಜರಪಾಟ ಬಟ್ಟೆಯ ಅಸ್ತರ. ವಾಚ್‌ಮನ್ ಚೀಲದ ಬಾಯಲ್ಲಿ ಇಣುಕಿ, "ಮೊದಲಿಂದಕ್ಕ ಒಳಗ ಬಟ್ಟಿ ಇರಲಿಲ್ರಿ ಕಾಕಾ" ಎಂದ.

"ಅದಕ್ಕ ಹರದತಿ" ಎಂದರು ಕಾಕಾ.

ಆ ಚೀಲ ಕಂಬಕ್ಕೆ ಏರಿದ ಮೇಲೆ ಕಾಕಾನ ನಡಿಗೆಯೇ ಬದಲಾಯಿತು. ಒಂದು ಭಾನುವಾರ ನನ್ನನ್ನೂ ಚಿಗವ್ವನನ್ನೂ ಆಟೋದಲ್ಲಿ ಕೂರಿಸಿಕೊಂಡು ಅದನ್ನು ತೋರಿಸಲು ಹೊರಟರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ. ತಂತಿಬೇಲಿಯ ಹೊರಗೆ ಬೇವಿನ ಗಿಡದಡಿ ಕುಳಿತು, ರೊಟ್ಟಿ ತಿನ್ನುತ್ತ, ಮೂವರೂ ಒಂದು ಚೀಲವನ್ನು ನೋಡಿದೆವು. ಬಿಸಿಲಿತ್ತು, ಗಾಳಿ ಜೋರಿತ್ತು. ಚೀಲ ತುಂಬಿಕೊಂಡು ಎದ್ದು ನಿಂತಿತ್ತು. ಅದು ನಿಜಕ್ಕೂ ಚಂದ ಕಾಣುತ್ತಿತ್ತು, ಯಾಕೆ ಸುಳ್ಳು ಹೇಳಲಿ.

"ನಾ ಹೊಲದದ್ದನ್ನ ಆಕಾಶದಾಗಿಂದ ನೋಡಿ ಇಳೀತಾರ್ರಿ ಅಕ್ಕಾರ" ಎಂದರು ಕಾಕಾ.

"ಅಂಗಡಿಗೆ ಬಂದವ್ರೂ ಹಂಗ ಬರೇ ನೋಡಿ ನೋಡಿ ಹೊಳ್ಳಿ ಹೋಗ್ತಾರ" ಎಂದರು ಚಿಗವ್ವ.

ಶ್ರಾವಣ ಬಂತು. ಜಿಟಿಜಿಟಿ ಮಳೆ ಹಿಡಿಯಿತು. ನಮ್ಮ ಒಣಸೀಮೆಗೆ ಅಂಥ ಮಳೆ ಅಪರೂಪ. ಮೋಡ ಎಷ್ಟು ಕೆಳಗಿಳಿದಿತ್ತೆಂದರೆ ಊರಂಚಿನ ಕಲ್ಲುಗುಡ್ಡಗಳ ತಲೆ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಪಾಠ ಶುರು ಮಾಡಿದ್ದೆ. ವಿಮಾನದ ಸದ್ದು ಬಂತು. ಹುಡುಗಿಯರು ಕಿಟಕಿಗೆ ಓಡಿದರು, ಏನೂ ಕಾಣಲಿಲ್ಲ. ಸದ್ದು ಒಂದು ಸುತ್ತು ಹೋಗಿ ಮತ್ತೆ ಬಂತು, ಮೊದಲಿಗಿಂತ ಕೆಳಗೆ. ದೂರಕ್ಕೆ ಹೋಯಿತು. ಆಮೇಲೆ ನಿಂತುಬಿಟ್ಟಿತು. ಸದ್ದು ನಿಂತದ್ದು ಸರಿಯಾಗಲಿಲ್ಲ ಎಂದು ತರಗತಿಯಲ್ಲಿದ್ದ ಎಲ್ಲರಿಗೂ ಅನ್ನಿಸಿತು.

ಸಾಲೆ ಬಿಡುವ ಹೊತ್ತಿಗೆ ಅರ್ಧ ಊರು ಆ ದಾರಿಯಲ್ಲಿತ್ತು. ವಿಮಾನ ಪಟ್ಟಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಗೋವಿನಜೋಳದ ಹೊಲದಲ್ಲಿ ಇಳಿದುಬಿಟ್ಟಿತ್ತು. ಮೂತಿ ಕೆಸರಲ್ಲಿ ಹೂತಿತ್ತು, ಒಂದು ರೆಕ್ಕೆ ಮುರಿದಿತ್ತು. ಪುಣ್ಯಕ್ಕೆ ಒಳಗಿದ್ದ ಇಬ್ಬರೂ ಬದುಕಿದ್ದರು. ಕಾರ್ಖಾನೆಯ ಅಧಿಕಾರಿಯೊಬ್ಬರು ಹಣೆ ತರಚಿಕೊಂಡು, ಜೋಳದ ದಂಟುಗಳ ನಡುವಿನಿಂದ ಸೂಟಕೇಸು ಹಿಡಿದು ಹೊರಬಂದು, "ಇದು ಯಾರ ಹೊಲ?" ಎಂದು ಕೇಳಿದರಂತೆ. ಪೈಲಟ್‌ನ ಕಾಲು ಮುರಿದಿತ್ತು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳೇ ಅವರನ್ನು ಹೊರಗೆಳೆದು, ಮಳೆಗೆ ತಲೆ ಮೇಲೆ ಹಾಕಿಕೊಂಡಿದ್ದ ಗೊಪ್ಪೆ ಹೊದಿಸಿ, ಟ್ರ್ಯಾಕ್ಟರಿನಲ್ಲಿ ಮಲಗಿಸಿ ಕಳಿಸಿದರು.

ವಿಮಾನ ಹಾಳು ಮಾಡಿದ್ದಕ್ಕಿಂತ ಹೆಚ್ಚು ಜೋಳವನ್ನು ನೋಡಲು ಹೋದ ನಾವು ತುಳಿದು ಹಾಳು ಮಾಡಿದೆವು. ಹೊಲದವನು ಮುಳ್ಳುಬೇಲಿ ಎಳೆದು ಬಯ್ಯುತ್ತ ನಿಂತಿದ್ದ. ಸಂಜೆಯ ಹೊತ್ತಿಗೆ ಮಂಡಾಳ ಒಗ್ಗರಣಿ, ಮಿರ್ಚಿಯ ಬಂಡಿ ಅಲ್ಲಿಗೇ ಬಂದಿತ್ತು. ಆ ವರ್ಷ ನನ್ನ ಹುಡುಗಿಯರು ಪ್ರಬಂಧಕ್ಕೆ ಯಾವ ವಿಷಯ ಕೊಟ್ಟರೂ ಎರಡನೆಯ ಪುಟಕ್ಕೆ ವಿಮಾನ ಬಿದ್ದೇ ಬೀಳುತ್ತಿತ್ತು. ಯಾರೂ ಸಾಯದ ಅಪಘಾತವಾದ್ದರಿಂದ ಊರು ಅದನ್ನು ಹಬ್ಬದಂತೆ ಆಚರಿಸಿತು.

ಕಾಕಾ ಒಬ್ಬರೇ ನೋಡಲು ಹೋಗಲಿಲ್ಲ.

ಅದೇ ಸಂಜೆ ವಾಚ್‌ಮನ್ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುತ್ತ, ಬೇರೆ ಹತ್ತು ಮಾತಿನ ನಡುವೆ ಅಂದಿದ್ದ, "ನಿಮ್ಮ ಚೀಲ ಮಳಿಗೆ ತೊಯ್ದು ಜೋತ ಬಿದ್ದಿತ್ತು ನೋಡ್ರಿ ಕಾಕಾ. ಗಾಳಿ ಇತ್ತು, ಅದ ಏಳಲಿಲ್ಲ." ಅವನು ದೂರುವುದಕ್ಕೆ ಹೇಳಿದ್ದಲ್ಲ. ಚಹ ಮುಗಿಸಿ ಹೊರಟುಹೋದ. ಕಾಕಾ ಮಶೀನಿನ ಮೇಲಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಅಂಗಡಿ ಮುಚ್ಚಿದರು.

ಮರುದಿನ ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತರು. ಊಟದ ಹೊತ್ತು ಬಿಟ್ಟರೆ, ತುಟಿಯಲ್ಲಿ ಟಾಚಣಿ ಇಲ್ಲದ ಕಾಕಾನನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾರ, ಅಸ್ತರ ನೀರು ಕುಡೀತ್ರಿ. ಚೀಲ ಭಾರ ಆತು. ಪೈಲಟ್ ಮ್ಯಾಲಿಂದ ನೋಡ್ಯಾನ, ಚೀಲ ಎದ್ದಿಲ್ಲ, ಗಾಳಿ ಇಲ್ಲ ಅನ್ಕೊಂಡಾನ, ಇಳಿಸ್ಯಾನ. ಹಿಂದಿಂದ ಗಾಳಿ ನೂಕೇತಿ. ಹಂಗ ಅಲ್ಲೇನ್ರಿ?"

ನನಗೆ ವಿಮಾನದ ಬಗ್ಗೆ ಗೊತ್ತಿದ್ದುದು ಅದು ಹಾರುತ್ತದೆ ಎಂಬುದಷ್ಟೇ. ಹಾಗಿರಲಿಕ್ಕಿಲ್ಲ ಕಾಕಾ, ಮೋಡ ಕವಿದಿತ್ತು, ಮಳೆ ಇತ್ತು ಎಂದೆಲ್ಲ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು, ಒಂದನ್ನೂ ನಂಬಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಒಬ್ಬನ ಕಾಲು ಮುರದೈತ್ರಿ" ಎಂದರು.

ಆಮೇಲೆ ಊರಿಗೆ ಒಂದು ವಿಚಿತ್ರ ಅನುಭವ ಶುರುವಾಯಿತು. ಕಾಕಾ ಬಟ್ಟೆಗಳನ್ನು ಹೇಳಿದ ದಿನಕ್ಕೆ ಕೊಡತೊಡಗಿದರು. ಮುಂಜಾನೆ ಎಂದರೆ ಮುಂಜಾನೆಯೇ. ಮಡಿಚಿ, ಇಸ್ತ್ರಿ ಹೊಡೆದು, ಹುಕ್ಕು ಹಚ್ಚಿ ಇಟ್ಟಿರುತ್ತಿದ್ದರು. ಒಳಗೆ ನೋಡಿದರೆ ಅಸ್ತರ ಇರುತ್ತಿರಲಿಲ್ಲ. ಮೊದಮೊದಲು ಹೆಂಗಸರು ಖುಷಿಪಟ್ಟರು. ಆಮೇಲೆ ಕಂಕುಳಲ್ಲಿ ಕೆರೆದುಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಸ್ತರ ಹಾಕಿ ಎಂದು ಬಾಯಿಬಿಟ್ಟು ಕೇಳಿದರೆ ಕಾಕಾ, "ಬ್ಯಾಡ್ರಿ, ಭಾರ ಆಗತೈತಿ" ಎಂದು ಬಟ್ಟೆಯನ್ನು ಕೈಗಿಡುತ್ತಿದ್ದರು. ಕತ್ತರಿಸುವ ಮೊದಲು ಬಹಳ ಹೊತ್ತು ಸುಮ್ಮನೆ ಕತ್ತರಿ ಹಿಡಿದು ನಿಂತಿರುತ್ತಿದ್ದರು.

ಚಿಗವ್ವ ಒಂದು ದಿನ ನನ್ನನ್ನು ಸಾಲೆಯ ದಾರಿಯಲ್ಲೇ ಹಿಡಿದರು. "ಅಕ್ಕಾರ, ಇವರು ಹೇಳಿದ ದಿನಕ್ಕ ಕೊಡಾಕತ್ಯಾರ. ನನಗ ಭಾಳ ಅಂಜಿಕಿ ಆಗೇತಿ."

ನಗು ಬಂತು. ಆದರೆ ಚಿಗವ್ವನ ಮುಖ ನೋಡಿ ನಗು ಅಲ್ಲೇ ನಿಂತಿತು. ಆ ಮನುಷ್ಯ ಒಳಗೊಳಗೇ ಕರಗುತ್ತಿದ್ದುದು ನನಗೂ ಕಾಣುತ್ತಿತ್ತು. "ಪೈಲಟ್‌ನ್ನ ಕೇಳಿದ್ರ ಆತಲ್ಲ. ಬದುಕ್ಯಾನಲ್ಲ ಅಂವಾ" ಎಂದೆ. ಪೈಲಟ್‌ನನ್ನು ಗಂಗಾವತಿಯಲ್ಲಿ ಎಲುಬಿನ ಡಾಕ್ಟರರ ದವಾಖಾನೆಯಲ್ಲಿ ಇಟ್ಟಿದ್ದಾರೆ ಎಂದು ವಾಚ್‌ಮನ್ ಹೇಳಿದ್ದ.

ಕಾಕಾ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಕಂಕುಳಲ್ಲಿ ಒಂದು ಪೊಟ್ಟಣ. ಪೈಲಟ್‌ಗೆ ಒಂದು ಪಾಯಜಾಮ ಹೊಲಿದಿದ್ದರು. ಒಂದು ಕಾಲು ಮಾಮೂಲಿ. ಇನ್ನೊಂದು ಕಾಲನ್ನು ಪ್ಲಾಸ್ಟರ್ ಹಾಕಿದ ಕಾಲಿಗೆ ಆಗುವಂತೆ ಅಗಲ ಮಾಡಿ, ಬದಿಯಲ್ಲಿ ಸೊಂಟದಿಂದ ಕೆಳತನಕ ಸೀಳಿ, ಕಟ್ಟಿಕೊಳ್ಳಲು ಸಾಲಾಗಿ ಲಾಡಿ ಹಚ್ಚಿದ್ದರು.

"ಅಸ್ತರ ಹಾಕಿಲ್ರಿ" ಎಂದರು, ನಾನು ಕೇಳುವ ಮೊದಲೇ.

ಬಸ್ಸು ಗಂಗಾವತಿಯ ಕಡೆ ಹೊರಟಿತು. ಕಾಲುವೆಯ ಸೀಮೆ ಬಂತು, ಎರಡೂ ಕಡೆ ಹಸಿರು ಭತ್ತ. ಕಾಕಾ ಕಿಟಕಿಯ ಪಕ್ಕವೇ ಕುಳಿತಿದ್ದರು, ಹೊರಗೆ ನೋಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದರು.

ಪೈಲಟ್ ಮೈಸೂರು ಕಡೆಯವರು, ಇನ್ನೂ ಹರೆಯದ ಮನುಷ್ಯ. ಕಾಲನ್ನು ದಿಂಬಿನ ಮೇಲಿಟ್ಟು ಪಂಚೆ ಸುತ್ತಿಕೊಂಡು ಮಲಗಿದ್ದರು. ನಾವು ಯಾರೆಂದು ಗೊತ್ತಿಲ್ಲದಿದ್ದರೂ, "ಬನ್ನಿ, ಕೂತ್ಕೊಳ್ಳಿ" ಎಂದರು. ಬೇಸರದಲ್ಲಿದ್ದವರಿಗೆ ಯಾರು ಬಂದರೂ ಸರಿ. ಪಾಯಜಾಮ ನೋಡಿದ್ದೇ ಅವರ ಮುಖ ಅರಳಿತು. ಪಂಚೆ ಜಾರಿ ಜಾರಿ ಮಾನ ಹೋಗಿತ್ತು ಎಂದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕಾಕಾ ಮತ್ತು ವಾರ್ಡಿನ ಆಳು ಸೇರಿ ತೊಡಿಸಿದರು. ಲಾಡಿಗಳನ್ನು ಕಾಕಾನೇ ಒಂದೊಂದಾಗಿ ಕಟ್ಟಿದರು. ಕಟ್ಟಿ ಮುಗಿದ ಮೇಲೂ ಅವರು ಬಗ್ಗಿದ ತಲೆ ಎತ್ತಲಿಲ್ಲ.

"ಸಾಹೇಬ್ರ, ಆ ಗಾಳಿಚೀಲ ಹೊಲದಾಂವ ನಾನು. ಯಾರೂ ಹೇಳಿರಲಿಲ್ಲ, ಚುಚ್ಚಬಾರದಂತ ನಾನಾಗಿ ಒಳಗ ಅಸ್ತರ ಹಾಕಿದೆ. ಮಳಿಗೆ ತೊಯ್ದು ಅದು ಏಳಲಿಲ್ಲ. ನಿಮ್ಮ ಕಾಲು ನನ್ನಿಂದ ಮುರದೈತಿ ಅಂದ್ರ ಹೇಳಿಬಿಡ್ರಿ. ಮಶೀನು ಮಾರಿಬಿಡ್ತೀನಿ. ಇನ್ನ ಮ್ಯಾಲೆ ಸೂಜಿ ಹಿಡಿಯೂದಿಲ್ಲ."

ಈ ಹುಡುಗ ಹೌದು ಎಂದುಬಿಟ್ಟರೆ ಈ ಮನುಷ್ಯನನ್ನು ವಾಪಸು ಹೇಗೆ ಕರೆದುಕೊಂಡು ಹೋಗಲಿ ಎಂದು ಚಿಂತೆಯಾಯಿತು.

"ಯಜಮಾನ್ರೆ, ನನಗೆ ಚೀಲನೇ ಕಾಣಿಸ್ಲಿಲ್ಲ" ಎಂದರು ಪೈಲಟ್. "ಮೋಡ ಅಷ್ಟು ಕೆಳಗಿತ್ತು. ಚೀಲ ಕಂಡಿದ್ರೆ ಪಟ್ಟಿನೂ ಕಾಣ್ತಿತ್ತು. ಪಟ್ಟಿ ಕಂಡಿದ್ರೆ ಜೋಳದ ಹೊಲದಲ್ಲಿ ಯಾಕೆ ಇಳೀತಿದ್ದೆ? ಅಂಥ ದಿನ ವಾಪಸ್ ಹೋಗ್ಬೇಕಿತ್ತು. ಇನ್ನೊಂದು ಸುತ್ತು ನೋಡೋಣ, ಸ್ವಲ್ಪ ಕೆಳಗೆ ಇಳಿದ್ರೆ ಕಾಣ್ಬೋದು ಅಂತ ಇಳಿದೆ. ಅದು ನನ್ನ ತಪ್ಪು. ನಿಮ್ಮ ಚೀಲ ಏನೂ ಮಾಡ್ಲಿಲ್ಲ."

ಕಾಕಾ ತಲೆ ಎತ್ತಿದರು. "ಕಾಣಲ ಇಲ್ಲೇನ್ರಿ?"

"ಇಲ್ಲ."

"ಒಟ್ಟ ಕಾಣಲಿಲ್ಲ?" ಈ ಸಲದ ದನಿಯಲ್ಲಿ ಸಮಾಧಾನ ಇರಲಿಲ್ಲ, ಸ್ವಲ್ಪ ಸಿಟ್ಟೇ ಇತ್ತು. "ಒಳ್ಳೆ ಬಣ್ಣದ್ದ ಇತ್ತಲ್ರಿ. ನಮಗ ರೋಡಿನ ಮ್ಯಾಲಿಂದ ಕಾಣತಿತ್ತು."

ಪೈಲಟ್ ನಕ್ಕರು. "ಆವತ್ತು ಕಾಣ್ಲಿಲ್ಲ. ಹಿಂದಿನ ಸಲ ಬಿಸಿಲಲ್ಲಿ ಬಂದಾಗ ಚೆನ್ನಾಗಿ ಕಂಡಿತ್ತು. ಸ್ವಲ್ಪ ಸೋಮಾರಿ ಚೀಲ ಅದು. ಎಷ್ಟು ಗಾಳಿ ಇದ್ರೂ ಕಮ್ಮಿನೇ ತೋರ್ಸೋದು. ಯಾಕೆ ಅಂತ ಈಗ ಗೊತ್ತಾಯ್ತು. ಅದಕ್ಕೆ ಒಳಗೆ ಬಟ್ಟೆ ಹಾಕ್ಬಾರ್ದು ಯಜಮಾನ್ರೆ. ಗಾಳಿಗೆ ಏನೂ ಚುಚ್ಚೋದಿಲ್ಲ."

ಕಾಕಾ ಆ ಮಾತನ್ನು ಒಂದು ಗಳಿಗೆ ಯೋಚಿಸಿದರು. ಅಷ್ಟು ವರ್ಷ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. "ಹೌದಲ್ಲ" ಎಂದರು. ಆಮೇಲೆ ನಗಲು ಶುರು ಮಾಡಿದರು. ನಗುತ್ತ ನಗುತ್ತ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನಾನು ಮತ್ತೆ ಕಿಟಕಿಯ ಕಡೆ ತಿರುಗಬೇಕಾಯಿತು.

ಅಷ್ಟರಲ್ಲಿ ಪೈಲಟ್ ಕಾಲನ್ನು ಸ್ವಲ್ಪ ಸರಿಸಿ ಮುಖ ಹಿಂಡಿದರು. "ಈ ಪಾಯಜಾಮ ಮಾತ್ರ ತೊಡೆ ಹತ್ರ ಹೊಲಿಗೆ ಚುಚ್ಚುತ್ತೆ. ಇದಕ್ಕೆ ಹಾಕಿದ್ರೆ ಚೆನ್ನಾಗಿತ್ತು ನೋಡಿ, ಅದೇನೋ ಅಂದ್ರಲ್ಲ."

"ಅಸ್ತರ" ಎಂದರು ಕಾಕಾ. ಅವರ ಬೆನ್ನು ನೆಟ್ಟಗಾಯಿತು. "ಬಿಚ್ಚಿ ಕೊಡ್ರಿ ಸಾಹೇಬ್ರ. ಹಾಕಿಕೊಂಡು ಬರ್ತೀನಿ. ನಾಳಿ ಮುಂಜಾನೆ."

ವಿಮಾನ ಬಿದ್ದ ದಿನದಿಂದ ಆ ಮಾತನ್ನು ಆ ದನಿಯಲ್ಲಿ ಕೇಳಿರಲಿಲ್ಲ. ಪಾಪ, ಪೈಲಟ್ ನಂಬಿದರು. ಮತ್ತೆ ಪಂಚೆ ಸುತ್ತಿಕೊಂಡು ಮಲಗಿದರು. ಬಸ್ಸಿನಲ್ಲಿ ಬರುವಾಗ ಕಾಕಾ ಭತ್ತದ ಗದ್ದೆ ನೋಡಿದರು, ಬಾಳೆತೋಟ ನೋಡಿದರು, ಆನೆಗೊಂದಿಯ ಕಡೆಯ ಕಲ್ಲುಗುಡ್ಡ ತೋರಿಸಿ ನನಗೆ ಹತ್ತು ಪ್ರಶ್ನೆ ಕೇಳಿದರು. ಟಾಚಣಿಯೊಂದು ಅಂಗಿಯ ತುದಿಯಲ್ಲಿ ಸಿಕ್ಕಿತು. ಅದನ್ನು ತೆಗೆದು ತುಟಿಯಲ್ಲಿ ಕಚ್ಚಿಕೊಂಡರು.

ಪಾಯಜಾಮ ನಾಳೆ ಮುಂಜಾನೆ ತಯಾರಾಗಲಿಲ್ಲ ಎಂದು ಹೇಳಬೇಕಾಗಿಲ್ಲ. ಅದನ್ನು ಹಿಡಿದುಕೊಂಡು ಅವರು ಗಂಗಾವತಿಗೆ ಹೋಗುವ ಹೊತ್ತಿಗೆ ಪೈಲಟ್‌ನನ್ನು ಅವರ ಮನೆಯವರು ಕರೆದುಕೊಂಡು ಹೋಗಿಯಾಗಿತ್ತು. ಕಾಕಾ ತಿರುಗಿ ತಂದು ಅಂಗಡಿಯ ಮೊಳೆಗೆ ತೂಗುಹಾಕಿದರು. ಕೇಳಿದವರಿಗೆ, "ಇಮಾನದವರದು. ಬರ್ತಾರ" ಎನ್ನುತ್ತಿದ್ದರು. ಅವರು ಬರಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಒಬ್ಬರು ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡರು. ಕಾಕಾ ಪಾಯಜಾಮ ತೆಗೆದು ಕೊಟ್ಟರು. ವಾಸಿಯಾದ ಮೇಲೆ ಅದು ಒಗೆದು ಮಡಿಚಿ ವಾಪಸು ಬಂತು. ಆಮೇಲೆ ಮೋಟಾರ್‌ಸೈಕಲ್ಲಿನಿಂದ ಬಿದ್ದವನೊಬ್ಬ, ಆಮೇಲೆ ಹೊಲದ ಒಡ್ಡಿನ ಮೇಲೆ ಜಾರಿದ ನನ್ನ ಯಜಮಾನರು. ಭಾಗ್ಯನಗರದಲ್ಲಿ ಕಾಲು ಮುರಿದವರು ಡಾಕ್ಟರರ ಬಳಿ ಹೋಗಿ ಬಂದು, ಮುಂದೆ ಕಾಕಾನ ಅಂಗಡಿಗೆ ಆಳು ಕಳಿಸುವುದು ಪದ್ಧತಿಯೇ ಆಯಿತು. ಒಮ್ಮೆ ಯಲಬುರ್ಗಾದಿಂದಲೂ ಕೇಳಿಕೊಂಡು ಬಂದಿದ್ದರು. ಅಷ್ಟೊಂದು ಕಾಲು ಕಂಡ ಬಟ್ಟೆ ಅದು, ಒಬ್ಬರಿಗೂ ಚುಚ್ಚಲಿಲ್ಲ.

ಗಾಳಿಚೀಲವನ್ನೂ ಕಾಕಾ ಇನ್ನೊಂದು ಹೊಲಿದು ವಾಚ್‌ಮನ್ನನ ಕೈಗೆ ಕೊಟ್ಟರು, ಯಾರೂ ಕೇಳದೆಯೇ. ಅವರ ಕೈಯಿಂದ ಅಸ್ತರವಿಲ್ಲದೆ, ಬೇಕೆಂದೇ, ಸಂತೋಷದಿಂದ ಹೊರಹೋದದ್ದು ಅದೊಂದೇ. ಬೆಂಗಳೂರಿನ ಚೀಲ ಅಷ್ಟರಲ್ಲಿ ಬಂದಿತ್ತು. ವಾಚ್‌ಮನ್ ಕಾಕಾನದನ್ನು ತನ್ನ ಮನೆಯ ಮಾಳಿಗೆಯ ಕೋಲಿಗೆ ಕಟ್ಟಿದ. ಕಾಕಾ ಮಶೀನು ತುಳಿಯುತ್ತಲೇ ಕತ್ತೆತ್ತಿ ಅದನ್ನು ನೋಡಿ, ಬಟ್ಟೆ ಕೇಳಲು ಬಂದವರಿಗೆ, "ಇವತ್ತು ಪಡುವಣ ಗಾಳಿ ಐತ್ರಿ, ನಾಳಿ ಬರ್ರಿ" ಎನ್ನುತ್ತಿದ್ದರು.

ಕಾಕಾ ತೀರಿಕೊಂಡ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಚಿಗವ್ವ ಅಂಗಡಿಯ ಬಾಗಿಲು ತೆಗೆಸಿದರು. ಯಾರ ಬಟ್ಟೆ ಅವರು ಒಯ್ಯಲಿ ಎಂದು. ಸಾಲಾಗಿ ನಿಂತೆವು. ಹೆಚ್ಚಿನವರಿಗೆ ಕೊಟ್ಟ ಬಟ್ಟೆ ಕೊಟ್ಟ ಹಾಗೆಯೇ, ಚೀಲದ ಗಂಟು ಕೂಡ ಬಿಚ್ಚದೆ ಸಿಕ್ಕಿತು. ಒಬ್ಬಾಕೆ ಅಳುತ್ತಲೇ, "ಕಾಜಾ ಅಷ್ಟ ಬಾಕಿ ಅಂದಿದ್ದ ನಮ್ಮ ಕಾಕಾ" ಎಂದಳು. ಎಲ್ಲರೂ ನಕ್ಕರು, ಚಿಗವ್ವನೂ ಸೆರಗು ಅಡ್ಡ ಹಿಡಿದು ನಕ್ಕರು. ಅಷ್ಟರಲ್ಲಿ ಆ ವಾಚ್‌ಮನ್ ಕೋಲೂರಿಕೊಂಡು ಬಂದ. ಈಗ ಮುದುಕನಾಗಿದ್ದ. ಹಿಂದಿನ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಿದ್ದ. ಮೈಮೇಲೆ ಪೈಲಟ್‌ನ ಪಾಯಜಾಮ.

"ಚಿಗವ್ವ, ಇದನ್ನ ಯಾರಿಗೆ ಕೊಡ್ಲಿ?" ಎಂದ.

"ಮೊದಲ ನೆಟ್ಟಗ ನಡಿ. ಆಮ್ಯಾಲೆ ತಂದು ಆ ಮೊಳೀಗೆ ಹಾಕು" ಎಂದರು ಚಿಗವ್ವ.

ನನ್ನ ಸರದಿ ಬಂತು. ನನ್ನ ಬಟ್ಟೆ ಚೀಲಗಳ ರಾಶಿಯಲ್ಲಿ ಸಿಗಲಿಲ್ಲ. ಚಿಗವ್ವ ಹುಡುಕಿ, ಕೊನೆಗೆ ಮಶೀನಿನ ಮೇಲಿನ ಹೊದಿಕೆ ಸರಿಸಿದರು. ಜಂಪರ್ ಸೂಜಿಯ ಪಕ್ಕದಲ್ಲೇ ಇತ್ತು, ಹೊಲಿದು ಮುಗಿದಿತ್ತು. ತಿರುವಿ ನೋಡಿದೆ. ಒಳಗೆ ಮೆತ್ತನೆಯ ಅಸ್ತರ, ಕಂಕುಳ ಹತ್ತಿರ ಇನ್ನೊಂದು ಪದರ. ಅಲ್ಲಿ ಜರಿ ಚುಚ್ಚುತ್ತದೆ ಎಂದು ಯಾವ ಕಾಲದಲ್ಲೋ ಒಮ್ಮೆ ಅಂದಿದ್ದೆ. ಮುಂದಿನ ಅಂಚಿನಲ್ಲಿ ಸೀಮೆಸುಣ್ಣದ ಗುರುತುಗಳಿದ್ದವು, ಸಮವಾಗಿ, ಕೆಳತನಕ. ಪಕ್ಕದಲ್ಲಿ ಒಂದು ಪುಟ್ಟ ಕಾಗದದ ಪುಡಿಕೆ, ಬಿಚ್ಚಿರಲಿಲ್ಲ.

"ಹುಕ್ಕು ಹಚ್ಚೂದೊಂದ ಬಾಕಿ ಐತ್ರಿ ಅಕ್ಕಾರ" ಎಂದರು ಚಿಗವ್ವ. ಅಂದಮೇಲೆ ತಾವೇ ಆ ಮಾತು ಕೇಳಿಸಿಕೊಂಡವರಂತೆ ಪುಡಿಕೆಯ ಕಡೆ ನೋಡಿದರು.

ಅಷ್ಟು ವರ್ಷಗಳಲ್ಲಿ ಆ ಮಾತು ನಿಜವಾದದ್ದು ಅದೊಂದೇ ಸಲ, ನಾನು ನಂಬದೆ ನಕ್ಕು ಬಂದಿದ್ದೆ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ನನಗೆ ಸಾಕಾಗುವಷ್ಟು ಅತ್ತೆ. ಪುಡಿಕೆಯ ಹುಕ್ಕುಗಳನ್ನು ಚಿಗವ್ವ ಹಚ್ಚಿಕೊಡುತ್ತೇನೆಂದರು, ನಾನು ಬೇಡವೆಂದೆ. ಆ ಜಂಪರನ್ನು ಪಿನ್ನು ಹಾಕಿಕೊಂಡೇ ತೊಡುತ್ತೇನೆ. ಪಿನ್ನು ಒಮ್ಮೊಮ್ಮೆ ಬಿಚ್ಚಿಕೊಳ್ಳುತ್ತದೆ, ಒಳಗೆ ಅಸ್ತರ ಇರುವುದರಿಂದ ಚುಚ್ಚುವುದಿಲ್ಲ.